ಕುರಿ ಎಣಿಸದ ಡೇಟಾಬೇಸ್

ಈಗ್ಗೆ ನಾಲ್ಕು ವರ್ಷಗಳ ಹಿಂದಿನ ಮಾತು. ಪಶು ವೈದ್ಯಕೀಯ ಪರೀಕ್ಷಕನಾಗಿ ಚನ್ನಗಿರಿ, ನ್ಯಾಮತಿ, ಹೊನ್ನಾಳಿಗಳಲ್ಲಿ ದುಡಿದು, ನಿವೃತ್ತಿ ಹತ್ತಿರವಾದಾಗ ಜಗಳೂರು ತಾಲ್ಲೂಕಿನ ಬಿಳಿಚೋಡಿಗೆ ಬಂದಿದ್ದೆ. ಪರೀಕ್ಷಕ ಎಂದರೆ ವೈದ್ಯನಲ್ಲ. ವೈದ್ಯರ ಕೈಕೆಳಗೆ ಲಸಿಕೆ, ಚಿಕಿತ್ಸೆ ನೋಡಿಕೊಳ್ಳುವವನು. ಆದರೆ ಕುರಿಗಾರರ ಬಾಯಲ್ಲಿ ನಾವೆಲ್ಲರೂ ಡಾಕ್ಟ್ರೇ. ಆ ಬಿರುದನ್ನು ನಾನಂತೂ ಯಾವತ್ತೂ ಬೇಡವೆಂದವನಲ್ಲ.

ಆ ಕಡೆಯ ಕುರಿಗಾರರು ಭತ್ತದ ಕೊಯ್ಲಾದ ಮೇಲೆ ಮಂದೆ ಹೊಡೆದುಕೊಂಡು ಹೊನ್ನಾಳಿ, ಚನ್ನಗಿರಿಯ ಗದ್ದೆಗಳಿಗೆ ಹೋಗುತ್ತಾರೆ. ಕುರಿಗೆ ಮೇವು, ಗದ್ದೆಗೆ ಗೊಬ್ಬರ. ಮಳೆಗಾಲಕ್ಕೆ ಮುಂಚೆ ವಾಪಸು. ಅಲ್ಲಿ ಒಂದು ಕುರಿ ಕೆಮ್ಮಿದರೆ ಸಾಕು, ಅಲ್ಲಿನ ಸಹೋದ್ಯೋಗಿ ಫೋನ್ ಮಾಡಿ ‘ಈ ಮಂದೆಗೆ ಯಾವ ಲಸಿಕೆ ಆಗೈತೆ?’ ಎನ್ನುತ್ತಿದ್ದರು. ನಾನು ತಲೆ ಕೆರೆದುಕೊಳ್ಳುತ್ತಿದ್ದೆ. ಯಾವ ಊರಿನಲ್ಲಿ ಕೂತರೂ ಮೊಬೈಲಿನಲ್ಲೇ ನೋಡುವಂತಿದ್ದರೆ ಎಷ್ಟು ಚೆನ್ನ ಎಂಬ ಆಸೆ ಹುಟ್ಟಿದ್ದು ಹಾಗೆ.

ನಾನು ಬಾಡಿಗೆಗಿದ್ದ ಮನೆಯ ಕೆಳಗಡೆಯೇ ಕಂಪ್ಯೂಟರ್ ತರಬೇತಿ ಕೇಂದ್ರ. ನ್ಯಾಮತಿಯ ಸುನೀತಾ ಎಂಬ ಹೆಣ್ಣುಮಗಳು ಅದನ್ನು ನಡೆಸುತ್ತಿದ್ದಳು. ಅಂಥದೊಂದು ವೆಬ್‌ಸೈಟ್ ಮಾಡಿಕೊಡಮ್ಮಾ ಎಂದು ಕೇಳಿದೆ. “ಮಾಡಿಕೊಡಾಕಿಲ್ಲ ಸಾರ್, ಕಲಿಸಿಕೊಡ್ತೀನಿ. ನಾಳೆ ಏನಾದ್ರೂ ಕೆಟ್ರೆ ನೀವೇ ರಿಪೇರಿ ಮಾಡ್ಕೋಬೇಕಲ್ಲ” ಎಂದಳು. ತಲೆಯೆಲ್ಲ ನೆರೆತ ಮೇಲೆ ಮಕ್ಕಳ ಬೆಂಚಿನಲ್ಲಿ ಕೂತೆ.

ಅವಳು ಹೇಳಿಕೊಟ್ಟ ರೀತಿ ಇಷ್ಟವಾಯಿತು. ಪುಟ ಕೇಳಿದವರಿಗೆ ಪುಟ ಕೊಡುವುದು ಸರ್ವರ್. ಅದು ಆಸ್ಪತ್ರೆಯ ಕೌಂಟರು. ಮಾಹಿತಿಯನ್ನು ಸಾಲಾಗಿ ಜೋಡಿಸಿಡುವ ಕಪಾಟು ಡೇಟಾಬೇಸ್. ಇವೆರಡರ ನಡುವೆ ಓಡಾಡುವ ಅಟೆಂಡರ್ ಸ್ಕ್ರಿಪ್ಟ್. ಸ್ಕ್ರಿಪ್ಟು ಬರೆಯಲು ನಾನು ಕಲಿತದ್ದು ಪಿಎಚ್‌ಪಿ ಎಂಬ ಭಾಷೆ. ಮೊದಲ ಸಲ ನಾನು ಬರೆದ ಸ್ಕ್ರಿಪ್ಟು ತೆರೆಯ ಮೇಲೆ ‘ನಮಸ್ಕಾರ’ ಎಂದಾಗ ನಾನೂ ಕೈ ಮುಗಿದುಬಿಟ್ಟೆ. ಅದೇ ಸಡಗರದಲ್ಲಿ ಪುಟದ ವಿಳಾಸವನ್ನು ಹೊನ್ನಾಳಿಯ ಸಹೋದ್ಯೋಗಿಗೂ ಕಳಿಸಿದೆ. “ಏನೂ ಬರಾಕಿಲ್ಲ ಕಣ್ರೀ” ಎಂದರು. ಆ ವಿಳಾಸದಲ್ಲಿದ್ದ ಲೋಕಲ್‌ಹೋಸ್ಟ್ ಎಂದರೆ ‘ಇದೇ ಯಂತ್ರ’ ಎಂದರ್ಥ, ಅದು ನನ್ನ ಲ್ಯಾಪ್‌ಟಾಪಿನಾಚೆ ಯಾರಿಗೂ ಕಾಣುವುದಿಲ್ಲ ಎಂದು ತಿಳಿದದ್ದು ಆಗಲೇ. ಆಮೇಲೆ ಸುನೀತಾ ಎಲ್ಲವನ್ನೂ ಬಾಡಿಗೆ ಸರ್ವರಿಗೆ ಏರಿಸುವುದನ್ನು ಕಲಿಸಿದಳು.

ಮೇ ತಿಂಗಳು ಬಂತು. ಮೊದಲ ಮಳೆಗೆ ಚಿಗುರಿದ ಎಳೆ ಹುಲ್ಲು ಮೇದರೆ ಕುರಿಗಳಿಗೆ ಕರುಳುಬೇನೆ ಬರುತ್ತದೆ. ಬೆಳಿಗ್ಗೆ ನೆಟ್ಟಗಿದ್ದ ಕುರಿ ಸಂಜೆಗಿರುವುದಿಲ್ಲ. ಅದಕ್ಕೆ ಮುಂಚೆಯೇ ಲಸಿಕೆ ಬೀಳಬೇಕು. ನಮ್ಮ ವೈದ್ಯರು ನನ್ನ ಉತ್ಸಾಹ ನೋಡಿ, “ಈ ಸಲ ನಿಮ್ಮ ವೆಬ್‌ಸೈಟಿನ ಲೆಕ್ಕದ ಮೇಲೇ ಬೇಡಿಕೆ ಕಳಿಸೋಣ” ಎಂದರು. ಅಂದರೆ ನನ್ನ ಲೆಕ್ಕ ತಪ್ಪಿದರೆ ಲಸಿಕೆ ಸಾಲುವುದಿಲ್ಲ. ಲಸಿಕೆ ಸಾಲದಿದ್ದರೆ ಕುರಿ ಸಾಯುತ್ತವೆ.

ನೋಂದಣಿ ಪುಟದಲ್ಲಿ ಮೂರೇ ಪ್ರಶ್ನೆ: ಹೆಸರು, ಫೋನ್ ನಂಬರ್, ಕುರಿಗಳ ಸಂಖ್ಯೆ. ಸಂಖ್ಯೆ ಖಾಲಿ ಬಿಟ್ಟರೆ ಪುಟ ಮುಂದೆ ಹೋಗದು, ಸೊನ್ನೆಯನ್ನೂ ಒಪ್ಪದು. ಈ ಬಿಗಿ ನನ್ನದೇ ಕೈಚಳಕ, ಅದರ ಬಗ್ಗೆ ಜಂಬವೂ ಇತ್ತು. ಲಿಂಕನ್ನು ಕುರಿಗಾರರ ವಾಟ್ಸ್‌ಆ್ಯಪ್ ಗುಂಪಿಗೆ ಹಾಕಿದೆ. ಒಂದೇ ವಾರದಲ್ಲಿ ಹೆಸರುಗಳು ಬಂದು ತುಂಬಿದವು. ಖುಷಿಯಿಂದ ಡೇಟಾಬೇಸಿನ ಟೇಬಲ್ ತೆರೆದು ನೋಡಿದರೆ ಎಲ್ಲರ ಹೆಸರಿನ ಮುಂದೆಯೂ ಒಂದು, ಒಂದು, ಒಂದು. ಕಂಪ್ಯೂಟರಿನ ಪ್ರಕಾರ ಬಿಳಿಚೋಡಿನ ಸುತ್ತಮುತ್ತ ಮನೆಗೊಂದೇ ಕುರಿ!

ಸ್ಕ್ರಿಪ್ಟನ್ನು ಸಾಲು ಸಾಲಾಗಿ ಜಾಲಾಡಿದೆ, ಪ್ರಯೋಗಕ್ಕೆಂದು ಇನ್ನೊಂದು ಡೇಟಾಬೇಸ್ ಕಟ್ಟಿ ನೋಡಿದೆ. ಕೊನೆಗೆ ಸುನೀತಾ ಎಲ್ಲ ನೋಡಿ, “ಕೋಡ್ ಸರಿ ಐತೆ ಸಾರ್. ಅವರೇ ಒಂದು ಅಂತ ಕೊಟ್ಟಾರೆ” ಎಂದಳು.

ಬೈಕ್ ಹತ್ತಿ ಸೀದಾ ಪಟ್ಟಿಯಲ್ಲಿ ಮೊದಲಿದ್ದ ಹಿರಿಯ ಕುರಿಗಾರ ಮೈಲಾರಪ್ಪನವರ ರೊಪ್ಪಕ್ಕೆ ಹೋದೆ. ಮುಳ್ಳುಬೇಲಿಯ ದೊಡ್ಡಿಯ ತುಂಬ ಕುರಿಗಳು ಒತ್ತರಿಸಿ ನಿಂತಿದ್ದವು. ಯಜಮಾನರು ಬೀಡಿ ಹಚ್ಚಿ ಕೂತಿದ್ದರು. ಫೋನಿನಲ್ಲಿ ನೋಂದಾಯಿಸಿದ್ದು ಅವರ ಸೊಸೆ ಗಂಗಮ್ಮ.

“ಏನಮ್ಮಾ, ಇಲ್ಲಿರೋದು ಒಂದೇ ಕುರಿಯಾ?” ಎಂದೆ.

“ಎಷ್ಟವೆ ಅಂತ ಎಣಿಸಿ ಹೇಳಾಕಾಗತೈತೇನ್ರೀ ಡಾಕ್ಟ್ರೇ? ದೃಷ್ಟಿ ತಾಕತೈತೆ. ನಿಮ್ಮ ಫೋನು ಸುಮ್ನೆ ಬಿಡವಲ್ದು, ಅದ್ಕೆ ಒಂದು ಅಂತ ಒತ್ತಿದೆ” ಎಂದಳು.

ಇಡೀ ಸರ್ವೀಸಿನಲ್ಲಿ ಯಾವ ಕುರಿಗಾರನನ್ನೂ ನಾನು ‘ಎಷ್ಟು ಕುರಿ’ ಎಂದು ಕೇಳಿದವನಲ್ಲ. ಕೇಳಬಾರದು ಎಂಬುದು ನಮ್ಮ ಕಸುಬಿನಲ್ಲಿ ಎಲ್ಲರಿಗೂ ಗೊತ್ತು. ರೊಪ್ಪದ ಅಗಲ ನೋಡಿ ಮನಸ್ಸಿನಲ್ಲೇ ಅಂದಾಜು ಮಾಡಿ ಸಿರಿಂಜ್ ತುಂಬಿಸುತ್ತಿದ್ದೆವು. ಕೀಬೋರ್ಡಿನ ಮುಂದೆ ಕೂತದ್ದೇ ಆ ಮರ್ಯಾದೆ ಮರೆತುಹೋಗಿತ್ತು.

ಹೊರಡುವಾಗ ಗಂಗಮ್ಮ ಹಿಂದಿನಿಂದ ಕೂಗಿದಳು: “ಹೋದ ಸಲ ನಮಗೆ ಔಷಧಿ ಕಮ್ಮಿ ಬಿತ್ತು. ಈ ಸಲ ನೂರಾ ಎಂಬತ್ತು ಸೂಜಿಗೆ ಆಗೋವಷ್ಟು ತರ್ರಿ!”

ಬೈಕಿನ ಕಿಕ್ಕರ್ ಮೇಲಿಟ್ಟ ಕಾಲನ್ನು ಇಳಿಸಿದೆ. “ಎಷ್ಟು ಅಂದ್ರಿ?”

“ನೂರಾ ಎಂಬತ್ತು ಸೂಜಿ” ಎಂದಳು, ಒಂಚೂರೂ ಅಳುಕಿಲ್ಲದೆ. ಮಾವನವರೂ ಬೀಡಿ ಸೇದುತ್ತಾ ಹೂಂಗುಟ್ಟಿದರು. ಎಣಿಸಿದ್ದು ಔಷಧಿಯನ್ನು, ಕುರಿಯನ್ನು ಯಾರೂ ಎಣಿಸಿರಲಿಲ್ಲ.

ಅವತ್ತೇ ಟೇಬಲ್ಲಿನ ಆ ಕಾಲಂ ಬದಲಾಯಿಸುವ ಆದೇಶವನ್ನು ನಾನೇ ಬರೆದೆ. ಪಕ್ಕದಲ್ಲಿ ನಿಂತ ಸುನೀತಾ ಹೇಳಿದ್ದು ಒಂದೇ ಮಾತು: “ಬ್ಯಾಕಪ್ ತಗೊಂಡ್ರಾ ಸಾರ್?” ತಗೊಂಡಿದ್ದೆ. ಪುಟದಲ್ಲಿ ‘ಕುರಿಗಳ ಸಂಖ್ಯೆ’ ಹೋಗಿ ‘ಎಷ್ಟು ಸೂಜಿ ಔಷಧಿ ಬೇಕು?’ ಎಂದಾಯಿತು. ಗುಂಪಿಗೆ ಮತ್ತೆ ಲಿಂಕ್ ಹಾಕಿದೆ. ಈ ಸಲ ಎಪ್ಪತ್ತು, ಇನ್ನೂರು, ನೂರಾ ಹತ್ತು ಎಂದು ಅಂಕಿಗಳು ಧಾರಾಳವಾಗಿ ಬಂದವು. ಬೇಡಿಕೆ ಹೋಯಿತು, ಐಸ್ ಪೆಟ್ಟಿಗೆಗಳಲ್ಲಿ ಲಸಿಕೆ ಬಂತು, ಮಳೆ ಹಿಡಿಯುವುದರೊಳಗೆ ಎಲ್ಲ ರೊಪ್ಪಗಳಿಗೂ ಬಿತ್ತು. ಯಾರ ಮಂದೆಗೆ ಯಾವ ಲಸಿಕೆ, ಯಾವ ದಿನ ಎಂಬುದನ್ನು ಅವರವರ ಫೋನ್ ನಂಬರಿನಡಿ ವೆಬ್‌ಸೈಟಿಗೆ ಹಾಕಿದೆ. ಆ ವರ್ಷ ಕರುಳುಬೇನೆ ನಮ್ಮ ಕಡೆ ಸುಳಿಯಲಿಲ್ಲ.

ಭತ್ತದ ಕೊಯ್ಲಾದ ಮೇಲೆ ಚನ್ನಗಿರಿ ಕಡೆಯ ಉಬ್ರಾಣಿಯ ಸಹೋದ್ಯೋಗಿಯ ಫೋನ್ ಬಂತು. ಮೈಲಾರಪ್ಪನವರ ಮಂದೆ ಅಲ್ಲಿ ಬೀಡುಬಿಟ್ಟಿತ್ತು. “ಅವರ ನಂಬರ್ ಹಾಕ್ದೆ, ಲಸಿಕೆದು ಎಲ್ಲಾ ಬಂತು ಕಣ್ರೀ. ನಿಮ್ಮನ್ನ ಕೇಳೋದೇನೂ ಉಳಿದಿಲ್ಲ” ಎಂದರು. ಹಾಗಾದರೆ ಫೋನ್ ಯಾಕೆ ಮಾಡಿದಿರಿ ಎಂದೆ. ಇಬ್ಬರೂ ನಕ್ಕೆವು. ಸರ್ವೀಸಿನಲ್ಲಿ ನನಗೆ ಸಿಕ್ಕ ಬಹುಮಾನಗಳಲ್ಲಿ ಅದೇ ದೊಡ್ಡದು.

ಸ್ಕ್ರಿಪ್ಟು, ಡೇಟಾಬೇಸು ಯಾರು ಬೇಕಾದರೂ ಕಲಿಯಬಹುದು, ನಾನೇ ಕಲಿತೆನಲ್ಲ. ಎದುರಿಗೆ ನಿಂತು ಕೇಳಲಾಗದ್ದನ್ನು ಯಂತ್ರದ ಬಾಯಿಂದಲೂ ಕೇಳಿಸಬಾರದು ಎಂಬುದು ಈ ಕೆಲಸ ಕಲಿಸಿದ ಪಾಠ.

ನಿವೃತ್ತಿಯ ದಿನ ಮೈಲಾರಪ್ಪನವರು ಆಸ್ಪತ್ರೆಗೆ ಬಂದು, ಮೇಜಿನ ಮೇಲಿದ್ದ ಲ್ಯಾಪ್‌ಟಾಪನ್ನೇ ದಿಟ್ಟಿಸುತ್ತಾ ಮೆಲ್ಲಗೆ ಕೇಳಿದರು: “ಡಾಕ್ಟ್ರೇ, ಅದ್ರಾಗೆ ನಮ್ಮ ಕುರಿ ಎಷ್ಟು ಅಂತ ಐತೇನು?”

“ಇಲ್ಲ ಯಜಮಾನ್ರೇ. ಔಷಧಿ ಎಷ್ಟು ಅಂತ ಮಾತ್ರ ಐತೆ.”

“ಹಂಗಾರೆ ಇರ್ಲಿ ಬಿಡ್ರಿ. ನೀವು ಹೋದ್ಮೇಲೂ ಇರ್ಲಿ” ಎಂದರು.