ರಸೀದಿ ಸಾಬ್

ಮೆಹಬೂಬಣ್ಣ, ಕೊಟ್ಟೂರಿನಲ್ಲಿ ನಿಮಗೆ 'ರಸೀದಿ ಸಾಬ್' ಎಂದು ಹೆಸರಿಟ್ಟವನು ನಾನು. ಪಡ್ಡೆ ಹುಡುಗರಲ್ಲ, ಬಸ್ ಸ್ಟ್ಯಾಂಡಿನವರಲ್ಲ — ನಿಮ್ಮ ಮಗಳಿಗೆ ಕನ್ನಡ ಕಲಿಸುವ ಈ ಮೇಷ್ಟ್ರು. ಅದು ನಿಮಗೆ ಗೊತ್ತಿಲ್ಲವೆಂದೇ ಇಷ್ಟು ವರ್ಷ ನಂಬಿದ್ದೆ.

ನಮ್ಮ ಶಾಲೆಗೆ ದಾನ ಕೊಟ್ಟರೆ ತೆರಿಗೆ ವಿನಾಯಿತಿ ಉಂಟೆಂದು ಆದೇಶ ಬಂದ ವರ್ಷ ಕರಪತ್ರ ಬರೆದವನೂ ನಾನೇ. 'ಕೊಟ್ಟದ್ದರಲ್ಲಿ ಒಂದಿಷ್ಟು ತೆರಿಗೆಯಲ್ಲಿ ಉಳಿಯುತ್ತದೆ, ಕೈಬಿಚ್ಚಿ ಕೊಡಿ' ಎಂದು ಊರೆಲ್ಲ ಹಂಚಿದೆ. ವರ್ಷಕ್ಕೆ ಐದು ಸಾವಿರ ಕೊಡುತ್ತಿದ್ದ ನೀವು ಆ ಮಾರ್ಚಿನಲ್ಲಿ ಹತ್ತು ಸಾವಿರದ ಚೆಕ್ಕು ತಂದಿರಿ. ಪಂಪಿನ ಸುಟ್ಟ ಮೋಟಾರಿಗೆ ತಂತಿ ಸುತ್ತುವ ಕೈಯನ್ನು ಅಂಗಿಗೆ ಒರೆಸಿಕೊಂಡು, "ರಸೀದಿ ಹರೀರಿ ಮೇಷ್ಟ್ರ, ಪ್ಯಾನ್ ನಂಬರ್ ಸರಿಯಾಗಿ ಬರೀರಿ" ಅಂದಿರಿ. ಅಷ್ಟೇ. ನೀವು ಹೋದ ಮೇಲೆ ಚಹಾ ಕುಡಿಯುತ್ತ — ನಾಲ್ಕು ಜನರನ್ನು ನಗಿಸುವ ಚಟ ನನಗೆ — "ದಾನಕ್ಕೂ ರಸೀದಿ ಕೇಳ್ತಾನ್ರೀ, ರಸೀದಿ ಸಾಬ್!" ಅಂದೆ. ಶಿಕ್ಷಕರೆಲ್ಲ ನಕ್ಕರು. ವಾರದೊಳಗೆ ಹೆಸರು ಊರಿಗೆ ಹಬ್ಬಿತು.

ದೀಪಾವಳಿಯ ಹೊತ್ತಿಗೆ ಶಾಲೆಯ ಸಲಹಾ ಪೆಟ್ಟಿಗೆಯಲ್ಲಿ, ಏನೋ ವಾಸನೆಯ ದಪ್ಪ ಕಾಗದದಲ್ಲಿ ಸುತ್ತಿದ ಹಣದ ಪೊಟ್ಟಣವೊಂದು ಸಿಕ್ಕಿತು. ಹೆಸರಿಲ್ಲ, 'ಹೆಣ್ಣುಮಕ್ಕಳ ಶೌಚಾಲಯಕ್ಕೆ' ಎಂದಷ್ಟೇ ಬರೆದಿತ್ತು. ಪ್ರಾರ್ಥನೆಯಲ್ಲಿ ನಾನು ಭಾಷಣ ಬಿಗಿದೆ: ದಾನವೆಂದರೆ ಇದು, ರಸೀದಿ ಕೇಳುವವರು ಇವರನ್ನು ನೋಡಿ ಕಲಿಯಲಿ! ಯಾರಿಗೆ ಹೇಳುತ್ತಿದ್ದೇನೆಂದು ಮಕ್ಕಳಿಗೂ ತಿಳಿಯಿತು.

ಮರುವರ್ಷ ಶಾಲೆಯ ಮೋಟಾರು ಸುಟ್ಟಿತು. ನಿಮ್ಮ ಅಂಗಡಿಗೆ ತಂದೆ. ತಾಮ್ರದ ತಂತಿಯ ಕೆಳಗೆ ಹಾಸಲು ನೀವು ಕತ್ತರಿಸುತ್ತಿದ್ದ ದಪ್ಪ ಕಾಗದ, ಅದರ ವಾರ್ನಿಷ್ ವಾಸನೆ — ಆ ಪೊಟ್ಟಣದ್ದೇ. ಆ ಹಣ ಇಟ್ಟವರು ನೀವೇನಾ ಎಂದು ಕೇಳಿದೆ. ನೀವು ತಲೆ ಎತ್ತಲಿಲ್ಲ.

"ತೆರಿಗಿ ಒಳಗ ವಾಪಸ್ ಬಂದಿದ್ದು ನಂದಲ್ಲ ಮೇಷ್ಟ್ರ. ಹುಡುಗ್ರ ಹೆಸರಿನ್ಯಾಗ ಬಿಟ್ಟಿದ್ದು ಹುಡುಗ್ರಿಗೇ ಸೇರ್ಬೇಕು. ರಸೀದಿ ಇಲ್ದಿದ್ರ ಅದು ಎಲ್ಲಿಂದ ಬರ್ತಿತ್ರಿ? ಯಾರಿಗೂ ಹೇಳಬ್ಯಾಡ್ರಿ."

ಹೇಳಲಿಲ್ಲ. ನೀವೇ ಬೇಡವೆಂದಿರಲ್ಲ — ಆ ಮಾತನ್ನೇ ಹಿಡಿದುಕೊಂಡು ನಾಲ್ಕು ವರ್ಷ ಆರಾಮಾಗಿದ್ದೆ. ಪೊಟ್ಟಣದ ಗುಟ್ಟು ಮುಚ್ಚಿಡಿ ಅಂದಿರಿ, ನಿಜ. ಆ ಹೆಸರನ್ನು ಅಳಿಸಬೇಡಿ ಅಂದಿರಲಿಲ್ಲ. ಮೀಟಿಂಗಿನಲ್ಲಿ ಯಾರಾದರೂ 'ರಸೀದಿ ಸಾಬ್ ಬಂದ' ಎಂದರೆ ಸುಮ್ಮನೆ ಕೂತೆ. ಒಮ್ಮೊಮ್ಮೆ ನಕ್ಕೆ ಕೂಡ.

ಈ ಜೂನಿನಲ್ಲಿ ನಿಮ್ಮ ಶಾಹೀನ್ ಎಂಟನೇ ತರಗತಿಗೆ ಸೇರಿದಳು. ಮೊದಲ ದಿನ ಪರಿಚಯ ಕೇಳಿದರೆ ಎದ್ದು ನಿಂತು, "ನಾನು ರಸೀದಿ ಸಾಬರ ಮಗಳ್ರಿ" ಅಂದಳು. ಹಿಂದಿನ ಬೆಂಚು ಕಿಸಕ್ಕೆಂದಿತು. ಹುಡುಗಿ ಅಂಜಲಿಲ್ಲ. ನನ್ನನ್ನೇ ನೋಡಿ ಕೇಳಿದಳು:

"ಸರ್, ಅದು ನೀವ ಪ್ರೀತಿಲೆ ಇಟ್ಟ ಹೆಸರಂತಲ್ರಿ? ಅಪ್ಪ ಹೇಳ್ಯಾರ."

ಅಂದರೆ — ನಿಮಗೆ ಮೊದಲಿನಿಂದಲೂ ಗೊತ್ತಿತ್ತು. ಗೊತ್ತಿದ್ದೇ ನಾನು ತಂದ ಮೋಟಾರು ಸುತ್ತಿ ಕೊಟ್ಟಿರಿ. ಗೊತ್ತಿದ್ದೇ, ಮಗಳು ನನ್ನ ಮುಂದೆ ಕೂರುವಾಗ ಅವಳಿಗೆ ನೋಯಬಾರದೆಂದು, ನನ್ನ ಕುಹಕವನ್ನು ಬಿರುದು ಮಾಡಿ ಅವಳ ಕೈಗಿಟ್ಟಿರಿ.

ನಾನು "ಹೌದಮ್ಮ" ಅಂದೆ. ಅಷ್ಟು ಸಣ್ಣವನಾಗಿ ಯಾವತ್ತೂ ನಿಂತಿರಲಿಲ್ಲ.

ಈ ಕಾಗದವನ್ನು ಅಂಚೆಗೆ ಹಾಕುವುದಿಲ್ಲ, ಮೆಹಬೂಬಣ್ಣ. ನಾಳೆ ಅಂಗಡಿ ತೆಗೆಯುವ ಹೊತ್ತಿಗೆ ನಾನೇ ತರುತ್ತೇನೆ. ನೀವು ಓದಿ ಮುಗಿಸುವವರೆಗೂ ಎದುರಿಗೇ ನಿಂತಿರುತ್ತೇನೆ.