ಮೊದಲು ಬಂದವರ ಹೆಸರಿಗೆ ಮುನ್ನೂರ ಹದಿನೆಂಟು

೧೯೮೮ರ ಜೂನ್ ೮, ಬುಧವಾರ. ಬೆಳಿಗ್ಗೆ ಐದು ಗಂಟೆ ನಲವತ್ತು ನಿಮಿಷ. ಗದಗಿನ ಬೀಜ ಸಹಕಾರ ಸಂಘವೊಂದರ ಹಿಂದಿನ ಕೋಣೆಯಲ್ಲಿ ಖೈರುನಬಿ ಚಪ್ಪಲಿ ಹೊರಗೆ ಬಿಟ್ಟು, ಕಂಪ್ಯೂಟರಿಗೆ ಹೊದಿಸಿದ ಬಟ್ಟೆ ಮಡಿಸಿಟ್ಟು, ಗುಂಡಿ ಒತ್ತುತ್ತಾರೆ. ಡಿಸ್ಕು ಗೊರಗುಡುತ್ತ ವೇಗ ಹಿಡಿಯುತ್ತದೆ. ನಡುವೆ ಎರಡು ಸಲ ಕಟಕಟ ಸದ್ದು.

"ವಯಸ್ಸಾಗೇತ್ರಿ ಅದಕ್ಕ. ಏಳೂ ಮುಂದ ಮೊಣಕಾಲು ಕಟಕಟ ಅಂತಾವು," ಎಂದು ನಗುತ್ತಾರೆ.

ಬೆಟಗೇರಿಯ ಖೈರುನಬಿಗೆ ಮೂವತ್ತನಾಲ್ಕು ವರ್ಷ. ಬಿತ್ತನೆಯ ಕಾಲದಲ್ಲಿ ದಿನವೂ ಅವರು ಅಚ್ಚು ಹಾಕುವುದು ಮೊಳಕೆ ಪಟ್ಟಿ. ಹೆಸರುಕಾಳು, ಶೇಂಗಾ, ಹತ್ತಿಯ ಬೀಜಗಳನ್ನು ಒದ್ದೆ ಬಟ್ಟೆಯಲ್ಲಿಟ್ಟು, ನೂರಕ್ಕೆ ಎಷ್ಟು ಮೊಳೆತವೆಂದು ಪರೀಕ್ಷಾ ಕೋಣೆಯವರು ಸಂಜೆ ಬರೆದುಕೊಡುತ್ತಾರೆ. ಬೆಳಿಗ್ಗೆ ಆ ಪಟ್ಟಿ ಶಿರಹಟ್ಟಿ, ಮುಂಡರಗಿ, ಲಕ್ಷ್ಮೇಶ್ವರದ ಮೊದಲ ಬಸ್ಸುಗಳಲ್ಲಿ ಹೊರಡುತ್ತದೆ. ಇಂದಿನದರಲ್ಲಿ ೨೧೪ ಲಾಟುಗಳಿವೆ, ಅಂದರೆ ಒಟ್ಟಿಗೆ ಬಂದ ಬೀಜದ ರಾಶಿಗಳು. ಹದಿನೇಳರ ಮುಂದೆ 'ಬಿತ್ತಬೇಡಿ' ಎಂದಿದೆ.

ಈ ಪಟ್ಟಿಗೇ ಈಗ ಕುತ್ತು ಬಂದಿದೆ. ಹೊಸ ಡಿಸ್ಕು ದೀಪಾವಳಿಗೆ ಮೊದಲು ಬರುವುದಿಲ್ಲ. ಅಲ್ಲಿಯವರೆಗೆ ಹಳೆಯದಕ್ಕೆ ಕೆಲಸ ಕಡಿಮೆ ಮಾಡಿ ಎಂದು ರಿಪೇರಿಯವರು ಹೇಳಿ ಹೋಗಿದ್ದಾರೆ. ಯಾವ ಪ್ರೋಗ್ರಾಮು ಡಿಸ್ಕಿನಿಂದ ಎಷ್ಟು ಬ್ಲಾಕು ಓದಿತೆಂದು ಯಂತ್ರವೇ ಲೆಕ್ಕವಿಡುತ್ತದೆ. ಒಂದು ಬ್ಲಾಕೆಂದರೆ ೧೦೨೪ ಅಕ್ಷರಗಳ ತುಂಡು. ನಿನ್ನೆಯ ಲೆಕ್ಕ: ಮೊಳಕೆ ಪಟ್ಟಿ ೩೧೮, ಅದರ ಹಿಂದೆ ದಿನವೂ ಓಡುವ ದಾಸ್ತಾನು ವರದಿ ೧೨. ಹೀಗಾಗಿ ಮೊಳಕೆ ಪಟ್ಟಿಯನ್ನು ಸೋಮವಾರಕ್ಕೊಮ್ಮೆ ಮಾತ್ರ ತೆಗೆಯುವುದೆಂದು ವ್ಯವಸ್ಥಾಪಕ ಗೋಣೆಪ್ಪನವರು ಯೋಚಿಸಿದ್ದಾರೆ. ಇಂದು ತೀರ್ಮಾನಿಸಲೆಂದೇ ಅವರೂ ನಸುಕಿಗೆ ಬಂದಿದ್ದಾರೆ.

ಶಿರಹಟ್ಟಿಯ ರೈತ ಮಹಿಳೆ ಬಸವಣ್ಣೆವ್ವ ಬಾಗಿಲ ಬಳಿಯ ಬಾಕಿನ ಮೇಲೆ ಕೂತಿದ್ದಾರೆ. ಸುದ್ದಿ ತಿಳಿದು ನಿನ್ನೆ ಸಂಜೆಯೇ ಬಂದು ತಂಗಿಯ ಮನೆಯಲ್ಲಿ ಉಳಿದವರು. "ಸೋಮವಾರದ ಪಟ್ಟಿ ಬರೂತನಕಾ ಹೊಲದಾಗಿನ ಹಸಿ ಕಾಯ್ತೈತೇನೋ ಯಪ್ಪಾ? ಅದಕ್ಕೂ ಒಂದು ನೋಟೀಸು ಕಳಿಸಿಬಿಡು," ಎಂದು ಗೋಣೆಪ್ಪನವರನ್ನು ಕೆಣಕುತ್ತಾರೆ.

"ನಾ ಹೇಳಿದ್ದಲ್ಲಬೇ, ಮಷೀನು ಹೇಳಿದ್ದು."

"ಮಷೀನು ಸುಳ್ಳು ಹೇಳಿಲ್ರಿ ಸಾಹೇಬ್ರ. ನಾವು ತಪ್ಪು ತಿಳಕೊಂಡೇವಿ," ಎನ್ನುತ್ತಾರೆ ಖೈರುನಬಿ.

ಇದು ಅವರಿಗೆ ಹೊಳೆದದ್ದು ಪುಸ್ತಕದಿಂದಲ್ಲ. ನೂಲು ಸುತ್ತುವ ತಾಯಿ ಅಲ್ಮಾಸಬಿ ಮಗಳನ್ನು ಎಸ್ಸೆಸ್ಸೆಲ್ಸಿವರೆಗೆ ಓದಿಸಿದರು. ಆಮೇಲೆ ಹನ್ನೊಂದು ವರ್ಷ ಖೈರುನಬಿ ಇದೇ ಸಂಘದ ದಫ್ತರ ಕೋಣೆಯಲ್ಲಿದ್ದರು. ಗುಮಾಸ್ತರು ಕೇಳಿದ ಕಾಗದದ ಕಟ್ಟುಗಳನ್ನು ಮಾಳಿಗೆಯಿಂದ ಇಳಿಸುವುದು, ಕೇಳಿದವರ ಹೆಸರನ್ನು ವಹಿಯಲ್ಲಿ ಬರೆಯುವುದು ಅವರ ಕೆಲಸ. ದಿನಕ್ಕೆ ನಲವತ್ತು ಸಲ ಮೆಟ್ಟಿಲು. ಕಂಪ್ಯೂಟರು ಬಂದಾಗ ಮುಟ್ಟಲು ಬೇರೆ ಯಾರೂ ಮುಂದಾಗಲಿಲ್ಲ. ಇಂಗ್ಲಿಷ್ ಕೈಪಿಡಿಯ ಇಪ್ಪತ್ತೆರಡು ಪುಟಗಳನ್ನು ನಿಘಂಟು ಹಿಡಿದು ಓದಲು ಅವರಿಗೆ ನಾಲ್ಕು ತಿಂಗಳು ಬೇಕಾಯಿತು.

"ನಮ್ಮ ಗುಮಾಸ್ತ ನಜೀರಸಾಬರು ಒಂಬತ್ತಕ್ಕ ಬರ್ತಿದ್ರು. ಬೇಕಾದ ಕಟ್ಟೆಲ್ಲಾ ತರಿಸಿ ಟೇಬಲ್ ಮ್ಯಾಲ ಇಟ್ಕೋತಿದ್ರು. ಉಳಿದಾವ್ರು ಹತ್ತೂವರಿಗೆ ಬಂದು ಅಲ್ಲೇ ಬಗ್ಗಿ ಓದ್ಕೋತಿದ್ರು. ವಹಿಯೊಳಗ ನೋಡಿದ್ರ ಬರೇ ನಜೀರಸಾಬರ ಹೆಸರು. ಅವರಿಗೆ 'ಕಾಗದ ತಿನ್ನೂ ಇಲಿ' ಅಂತ ಹೆಸರಿಟ್ಟವರು ಯಾರು ಅಂತ ನಾ ಹೇಳೂದಿಲ್ರಿ."

"ಹೇಳಿದಂಗ ಆತಲ್ಲ," ಎಂದು ಗೋಣೆಪ್ಪನವರು ಕನ್ನಡಕ ಒರೆಸಿಕೊಳ್ಳುತ್ತಾರೆ.

ಯಂತ್ರದ ರೀತಿಯೂ ಇದೇ. ಡಿಸ್ಕಿನಿಂದ ತಂದ ಬ್ಲಾಕನ್ನು ಅದು ಕೂಡಲೇ ಬಿಸಾಡದೆ ತನ್ನ ಮೆಮೊರಿಯ ಒಂದು ಮೂಲೆಯಲ್ಲಿ ಇಟ್ಟುಕೊಂಡಿರುತ್ತದೆ. ಇನ್ನೊಂದು ಪ್ರೋಗ್ರಾಮು ಅದನ್ನೇ ಕೇಳಿದರೆ ಅಲ್ಲಿಂದಲೇ ಕೊಡುತ್ತದೆ. ಓದಿನ ಲೆಕ್ಕ ಏರುವುದು ಡಿಸ್ಕಿನವರೆಗೆ ಹೋಗಬೇಕಾದಾಗ ಮಾತ್ರ, ಅದೂ ಮೊದಲು ಕೇಳಿದ ಪ್ರೋಗ್ರಾಮಿನ ಹೆಸರಿಗೆ. ಮೊಳಕೆ ಪಟ್ಟಿ, ದಾಸ್ತಾನು ವರದಿ ಎರಡೂ ಓದುವುದು ಲಾಟುಗಳ ಒಂದೇ ಫೈಲನ್ನು, ಜೊತೆಗೆ ತಮ್ಮ ತಮ್ಮದೇ ಕೆಲವು ಬ್ಲಾಕುಗಳನ್ನು. ರಾತ್ರಿ ಆರಿಸಿದ ಯಂತ್ರದ ಮೆಮೊರಿ ಬೆಳಿಗ್ಗೆ ಖಾಲಿ. ಮೊದಲು ಓಡುವುದು ಮೊಳಕೆ ಪಟ್ಟಿ.

ಇಂದು ಖೈರುನಬಿ ಸರದಿ ತಿರುವಿಹಾಕುತ್ತಾರೆ. ಮೊದಲು ದಾಸ್ತಾನು ವರದಿ, ಆಮೇಲೆ ಮೊಳಕೆ ಪಟ್ಟಿ. ಆರೂ ಇಪ್ಪತ್ತಕ್ಕೆ ಎರಡೂ ಮುಗಿದು, ಲೆಕ್ಕದ ಹಾಳೆ ಹೊರಬರುತ್ತದೆ. ಗೋಣೆಪ್ಪನವರು ಓದುತ್ತಾರೆ: ದಾಸ್ತಾನು ವರದಿ ೩೨೧, ಮೊಳಕೆ ಪಟ್ಟಿ ೯. ಪೆನ್ನು ತೆಗೆದು ಕೂಡಿಸುತ್ತಾರೆ. ನಿನ್ನೆ ಒಟ್ಟು ೩೩೦, ಇಂದೂ ೩೩೦.

"ಅಂದ್ರ ಇಷ್ಟು ದಿನ ದಾಸ್ತಾನಿನ ಭಾರಾನೂ ನಿನ್ನ ಪಟ್ಟೀನ ಹೊರತಿತ್ತು?"

"ಯಾರರೆ ಒಬ್ರು ಹೊರಬೇಕಲ್ರಿ. ಅದರ ಬಗ್ಗೆ ನಂದೇನೂ ತಕರಾರಿಲ್ಲ. ಪಟ್ಟಿ ಮಾತ್ರ ದಿನಾ ಹೋಗ್ಲಿ."

ಗೋಣೆಪ್ಪನವರು ಹಾಳೆಯ ಕೆಳಗೆ 'ದಿನವೂ' ಎಂದು ಬರೆದು ಸಹಿ ಮಾಡುತ್ತಾರೆ. ಬಸವಣ್ಣೆವ್ವ ಆಗಲೇ ಶಿರಹಟ್ಟಿಯ ಪ್ರತಿಯನ್ನು ನಾಲ್ಕು ಮಡಿಕೆ ಮಾಡಿ ಸೀರೆಯ ಸೆರಗಿಗೆ ಕಟ್ಟಿಕೊಂಡು ಬಸ್ಸಿಗೆ ಹೊರಟಿದ್ದಾರೆ.

ಮೊಳಕೆ ಪಟ್ಟಿಯನ್ನು ನಿಲ್ಲಿಸಿದ್ದರೂ ಆ ಫೈಲನ್ನು ದಾಸ್ತಾನು ವರದಿ ಹೇಗೂ ಓದುತ್ತಿತ್ತು; ಡಿಸ್ಕಿಗೆ ದಿನಕ್ಕೆ ಉಳಿತಾಯವಾಗುತ್ತಿದ್ದುದು ಒಂಬತ್ತು ಬ್ಲಾಕಿನ ಓದು.