ಲಾರಿ ಹತ್ತದ ಬೇಲಿ

ಯುಡೋರಾ ಅತ್ತೆಯ ಮನೆ ಆಗಲೇ ಎರಡು ಸಲ ಊರು ಬದಲಿಸಿತ್ತು. ಬಾರ್ಬಡೋಸಿನಲ್ಲಿ ಅದೇನೂ ಅತಿಶಯವಲ್ಲ. ನೆಲ ಇನ್ನೊಬ್ಬರದು, ಅದರ ಮೇಲೆ ಕಲ್ಲಿಟ್ಟು ಕೂರಿಸಿದ ಮರದ ಮನೆ ನಮ್ಮದು. ನೆಲದವನು ಏಳು ಎಂದರೆ ಗೋಡೆ ಬಿಚ್ಚಿ ಲಾರಿಗೆ ಹೇರುವುದು.

ಮೂರನೆಯ ಸಲ ಏಳಬೇಕಾದಾಗ ಉಸ್ತುವಾರಿ ಅವಳ ಅಣ್ಣನ ಮಗ ಕೆಮಾರ್‌ನ ಪಾಲಿಗೆ ಬಂತು. ಅತ್ತೆಯ ಮನೆಯಲ್ಲೇ ಉಂಡು ಬೆಳೆದ ಅವನು ಈಗ ಬ್ರಿಜ್‌ಟೌನಿನ ವಿಮೆ ಕಚೇರಿಯ ಗುಮಾಸ್ತ. ಊರಿನವರ ಅನಾಹುತಗಳನ್ನು ಮುಂಚಿತವಾಗಿ ಊಹಿಸಿ ಸಂಬಳ ಎಣಿಸುವವನು. ಬಾಗಿಲಿನಿಂದ ಹಿಡಿದು ಸೂರಿನ ತಗಡಿನವರೆಗೆ ಎಲ್ಲಕ್ಕೂ ಲಾರಿಗೆ ಹೇರುವ ಸರದಿಯಂತೆ ಸೀಮೆಸುಣ್ಣದಲ್ಲಿ ಅಂಕಿ ಬರೆದ. ಹೊರಡುವ ಮುನ್ನ ಜಾಗ ಓರಣವಾಗಿರಲೆಂದು, ಬೇಲಿಗೆ ನೆಟ್ಟಿದ್ದ ರತ್ನಗಂಧಿ ಗಿಡಗಳ ಬೀಜ ತುಂಬಿದ ಒಣಕೋಡುಗಳನ್ನೆಲ್ಲ ಕತ್ತರಿಸಿ ಸುಟ್ಟ. ತನ್ನ ಅಚ್ಚುಕಟ್ಟುತನಕ್ಕೆ ತಾನೇ ತಲೆದೂಗಿದ.

ಹೊಸ ಜಾಗದಲ್ಲಿ ಮನೆ ಎದ್ದು ನಿಂತಾಗ ಅತ್ತೆ ಮೆಟ್ಟಿಲ ಮೇಲೆ ಕೂತು ಕೇಳಿದಳು, “ನನ್ನ ಬೇಲಿಯ ಬೀಜ ಎಲ್ಲಿ?”

“ಸುಟ್ಟೆ, ಅತ್ತೆ. ಕಸ ಅಂತ.”

“ಹಿತ್ತಲ ಬಾಗಿಲಿನ ತುಕ್ಕು ಮೊಳೆ ತಂದಿದ್ದೀಯ. ನಮ್ಮಮ್ಮ ಕೊಟ್ಟ ಬೀಜ ಸುಟ್ಟಿದ್ದೀಯ. ನಿನಗೆ ಸಂಬಳ ಕೊಡೋ ಪುಣ್ಯಾತ್ಮ ಯಾರಪ್ಪ?”

“ಊರ ತುಂಬ ಇದೇ ಗಿಡ ಇದೆಯಲ್ಲ.”

“ಊರ ತುಂಬ ಗುಮಾಸ್ತರೂ ಇದ್ದಾರೆ. ನಿನ್ನ ಬದಲು ಒಬ್ಬನ್ನ ಕರ್ಕೊಂಡು ಬರಲಾ?”

ಬೇಲಿ ಇಲ್ಲದ್ದು ಮನೆಯಲ್ಲ, ಲಾರಿಯಿಂದ ಇಳಿಸಿದ ಸಾಮಾನು ಎಂಬುದು ಅತ್ತೆಯ ತೀರ್ಪು. ಸಾಮಾನಿನೊಳಗೆ ಯಾರು ಅಡುಗೆ ಮಾಡುತ್ತಾರೆ? ಗಂಟುಗಳು ಬಿಚ್ಚಲಿಲ್ಲ, ಬಾಣಲೆ ಹೊರಬರಲಿಲ್ಲ. ಸುತ್ತಲಿನವರೆಲ್ಲ ಶನಿವಾರ ಸಾಲುಗಟ್ಟಿ ಕೊಳ್ಳುತ್ತಿದ್ದ ಅತ್ತೆಯ ಉಪ್ಪುಮೀನಿನ ವಡೆ ನಿಂತುಹೋಯಿತು. ಕೆಮಾರ್ ಬಿಸ್ಕತ್ತು, ಡಬ್ಬಿ ಮಾಂಸ ತಿಂದು ದಿನ ದೂಡಿದ.

ಹಳೆಯ ಬೇಲಿಯಿಂದ ಒಂದು ಗಿಡವನ್ನೇ ಅಗೆದು ತಂದ. ಆಳಕ್ಕಿಳಿದ ತಾಯಿಬೇರು ಅಲ್ಲೇ ತುಂಡಾಗಿತ್ತು. ದೇಶದ ಲಾಂಛನದ ಮೇಲೆ ಇಷ್ಟು ವರ್ಷ ಅಲುಗಾಡದೆ ಕೂತಿರುವ ಹೂವಿನ ಗಿಡ ಕೆಮಾರ್ ತೋಡಿದ ಗುಂಡಿಯಲ್ಲಿ ಒಂದು ವಾರವೂ ಕೂರಲು ಒಪ್ಪದೆ ಬಾಡಿ ಬಾಗಿತು.

“ರೆಸ್ಟ್ ತಗೋತಿದೆ, ಅತ್ತೆ.”

“ಹಾಗಿದ್ರೆ ಪಾದ್ರೀನ ಕರೆಸು.”

ಉಳಿದದ್ದು ಒಂದೇ ದಾರಿ. ಹಳೆಯ ಬೇಲಿಯಲ್ಲಿ ಹೊಸ ಕೋಡುಗಳು ಬಲಿಯುವವರೆಗೆ ಕಾದು, ರಜೆ ಹಾಕಿ ಹೋದ. ನಡುಮಧ್ಯಾಹ್ನದ ಬಿಸಿಲಿಗೆ ಒಣಕೋಡುಗಳು ಚಟ್ ಚಟ್ ಎಂದು ಸಿಡಿದು ಬೀಜವನ್ನು ಹುಲ್ಲಿಗೆ ಎಸೆಯುತ್ತಿದ್ದವು. ಕೈ ಹಾಕಿದರೆ ಸಾಕು, ಉಳಿದವೂ ಸಿಡಿಯುತ್ತಿದ್ದವು. ಕಚೇರಿಯವರು ಕೊಟ್ಟಿದ್ದ ಛತ್ರಿಯನ್ನು ಬಿಚ್ಚಿ ತಲೆಕೆಳಗು ಹಿಡಿದು ನಿಂತ. ‘ಎಲ್ಲ ಅನಾಹುತಕ್ಕೂ ರಕ್ಷಣೆ’ ಎಂದು ಅದರ ಮೇಲೆ ಅಚ್ಚಾಗಿತ್ತು.

ಮನೆ ಸಾಗಿಸಿದ್ದ ಲಾರಿಯ ಲಿಸ್ಟನ್ ಆ ದಾರಿಯಲ್ಲಿ ಬಂದವನು ಗಾಡಿ ನಿಲ್ಲಿಸಿದ. “ಏನಪ್ಪಾ, ಮಳೆ ಕೆಳಗಿಂದ ಬರುತ್ತೆ ಅಂತ ರೇಡಿಯೋದಲ್ಲಿ ಹೇಳಿದ್ರಾ?”

“ಬೀಜ ಹಿಡೀತಿದ್ದೀನಿ, ಅಣ್ಣ. ಬೇಲಿ ಬರೋವರೆಗೂ ಅತ್ತೆ ಒಲೆ ಹಚ್ಚಲ್ವಂತೆ.”

ಲಿಸ್ಟನ್‌ನ ನಗು ನಿಂತಿತು. “ವಡೆ ನಿಂತಿದ್ದು ನಿನ್ನಿಂದಾನಾ?”

“ಹೂಂ.”

ಅವನು ಲಾರಿಯಿಂದ ಇಳಿದು, ತಲೆಯ ಹ್ಯಾಟು ತೆಗೆದು, ಬೇಲಿಯ ಆ ಕಡೆ ಒಡ್ಡಿ ನಿಂತ.

ಬೀಜಗಳನ್ನು ಒರಟು ಕಲ್ಲಿಗೆ ಉಜ್ಜಿ, ರಾತ್ರಿಯಿಡೀ ನೆನೆಸಿ ಹೊಸ ಜಾಗದ ಸುತ್ತ ಬಿತ್ತಿದರು. ಮೊಳಕೆ ಬಂತು, ಮುಳ್ಳು ಬಂತು. ಸೊಂಟದೆತ್ತರವಾದಾಗ ಹಳದಿ ಅಂಚಿನ ಕೆಂಪು ಹೂವು ಬಿಟ್ಟಿತು. ಅತ್ತೆ ಕನ್ನಡಕ ಹಾಕಿಕೊಂಡು ಎಸಳೆಸಳೂ ನೋಡಿ, ಒಳಗೆ ಹೋಗಿ ಗಂಟು ಬಿಚ್ಚಿದಳು.

ಮೊದಲ ವಡೆ ಲಿಸ್ಟನ್‌ನ ಹ್ಯಾಟಿಗೆ ಸಂದಿತು. ಕೆಮಾರ್‌ಗೆ ವಡೆಯ ಜೊತೆ ಒಂದು ಖಾಲಿ ಡಬ್ಬಿಯೂ ಸಿಕ್ಕಿತು.

“ಕೋಡು ಒಣಗಿದ ಮೇಲೆ ತುಂಬಿಸು. ಮುಂದಿನ ಸಲ ಲಾರಿಗೆ ಇದು ಮೊದಲು.”

“ಮತ್ತೆ ಹೊರಡ್ತೀವಾ, ಅತ್ತೆ?”

“ಯಾಕೆ, ನೆಲ ನೀನು ಕೊಂಡ್ಯಾ?”

ಕೆಮಾರ್ ಎದ್ದು, ಮುಂಬಾಗಿಲ ಮೇಲೆ ತಾನೇ ಬರೆದಿದ್ದ ‘೧’ ಅನ್ನು ಉಗುಳು ಹಚ್ಚಿ ಒರೆಸಿದ. ಅದನ್ನು ಡಬ್ಬಿಯ ಮೇಲೆ ಬರೆದ.